ಗ್ರಾಫೀನ್ ಗಟ್ಟಿ, ಷೇರು ಜೊಳ್ಳು

ಲಂಡನ್ ಷೇರುಪೇಟೆಯಲ್ಲಿ ವಹಿವಾಟು ಶುರುವಾಗುವುದು ಬೆಳಿಗ್ಗೆ ಎಂಟಕ್ಕೆ. ಕಂಪನಿಗಳ ಪ್ರಕಟಣೆಗಳು ಮಾತ್ರ ಏಳಕ್ಕೇ ಹೊರಬೀಳುತ್ತವೆ. ಆ ಒಂದು ಗಂಟೆಯಲ್ಲಿ ಸಣ್ಣ ಹೂಡಿಕೆದಾರರು ಪ್ರಕಟಣೆಯ ಒಂದೊಂದು ಸಾಲನ್ನೂ ಹಿಂಜಿ ನೋಡುತ್ತಾರೆ, ಜಗಳವಾಡುತ್ತಾರೆ, ಲೆಕ್ಕ ಹಾಕುತ್ತಾರೆ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಇಂಥ ಜಗಳ ಜೋರಾಗಿ ನಡೆದದ್ದು ಗ್ರಾಫೀನ್ ಕಂಪನಿಗಳ ಸುತ್ತ.

ವಾದದ ಧಾಟಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ಒಬ್ಬರು ಹೇಳುತ್ತಾರೆ: ಉಕ್ಕಿಗಿಂತ ಇನ್ನೂರು ಪಟ್ಟು ಬಲ, ತಾಮ್ರವನ್ನು ಮೀರಿಸುವ ವಾಹಕ, ನೊಬೆಲ್ ಬಂದಿದೆ, ದೊಡ್ಡ ಕಂಪನಿಯೊಂದು ಮಾದರಿ ತರಿಸಿಕೊಂಡು ಪರೀಕ್ಷೆ ಮಾಡುತ್ತಿದೆ, ಇನ್ನೇನು ಆರ್ಡರ್ ಬಂದೇಬಿಡುತ್ತದೆ. ಇನ್ನೊಬ್ಬರ ಉತ್ತರ: ಐದು ವರ್ಷದಿಂದ ಇದನ್ನೇ ಕೇಳುತ್ತಿದ್ದೇವೆ, ಮಾರಾಟ ಎಷ್ಟಾಯಿತು ಹೇಳಿ, ಖಜಾನೆಯಲ್ಲಿ ಎಷ್ಟು ತಿಂಗಳ ದುಡ್ಡಿದೆ ಹೇಳಿ. ಮೊದಲಿನವರು ಮಾತಾಡುತ್ತಿರುವುದು ಭೌತಶಾಸ್ತ್ರ, ಎರಡನೆಯವರದು ಜಮಾಖರ್ಚು. ಭೌತಶಾಸ್ತ್ರದಲ್ಲಿ ಸುಳ್ಳಿಲ್ಲ. ಆದರೂ ಬ್ರಿಟನ್ನಿನ ಪೇಟೆಯಲ್ಲಿ ಗೆದ್ದದ್ದು ಜಮಾಖರ್ಚೇ. ಹೀಗೇಕಾಯಿತು ಎಂಬುದು ಗ್ರಾಫೀನಿಗಷ್ಟೇ ಸಂಬಂಧಿಸಿದ ಸಂಗತಿಯಲ್ಲ.

ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಇಂಗಾಲದ ಹಾಳೆಗಳ ಒಟ್ಟಿಲು. ಅದರ ಒಂದೇ ಒಂದು ಹಾಳೆ, ಒಂದು ಪರಮಾಣುವಿನಷ್ಟೇ ದಪ್ಪದ್ದು, ಗ್ರಾಫೀನ್. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಇಂಥ ಸುಮಾರು 30 ಲಕ್ಷ ಹಾಳೆಗಳಿರುತ್ತವೆ. 2004ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅಂಗಡಿಯಲ್ಲಿ ಸಿಗುವ ಅಂಟುಪಟ್ಟಿಯಿಂದ ಗ್ರಾಫೈಟನ್ನು ಮತ್ತೆ ಮತ್ತೆ ಸುಲಿದು ಆ ಒಂಟಿ ಹಾಳೆಯನ್ನು ಬೇರ್ಪಡಿಸಿ, ಅದರ ಗುಣಗಳನ್ನು ಅಳೆದು ತೋರಿಸಿದರು. 2010ರಲ್ಲಿ ನೊಬೆಲ್ ಬಂತು. ನಡುವೆ 2008ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಅದರ ಬಲವನ್ನು ಅಳೆದು, ಅಳೆದ ವಸ್ತುಗಳಲ್ಲೆಲ್ಲ ಇದೇ ಗಟ್ಟಿ ಎಂದರು. ಪತ್ರಿಕೆಗಳಿಗೆ ಬೇಕಾದ್ದು ಅಷ್ಟೇ. ಈ ಹಾಳೆ ಹರಿಯಬೇಕಾದರೆ ಅದರ ಮೇಲೆ ಊರಿದ ಪೆನ್ಸಿಲ್ ಮೇಲೆ ಆನೆಯೇ ನಿಲ್ಲಬೇಕು ಎಂಬ ಚಿತ್ರ ಜಗತ್ತೆಲ್ಲ ಸುತ್ತಿತು.

ಆ ಅಳತೆ ನಡೆದದ್ದು ಮೀಟರಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಅಗಲದ ತೂತಿನ ಮೇಲೆ ಹಾಸಿದ, ಒಂದು ಕುಂದೂ ಇಲ್ಲದ ಚೂರಿನ ಮೇಲೆ. ಕಂಪನಿಗಳು ಮಾರುವುದು ಆ ಚೂರನ್ನಲ್ಲ, ಕಪ್ಪು ಪುಡಿಯನ್ನು. ಆನೆಯ ಚಿತ್ರ ನೋಡಿ ಷೇರು ಕೊಂಡವರಲ್ಲಿ ಎಷ್ಟು ಮಂದಿಗೆ ಈ ವ್ಯತ್ಯಾಸ ಹೊಳೆದಿತ್ತೋ!

ಇನ್ನೊಂದು ಸಂಗತಿಯೂ ಹೂಡಿಕೆದಾರರಿಗೆ ಮುಖ್ಯವಾಗಬೇಕಿತ್ತು. ಗೈಮ್ ತಮ್ಮ ಶೋಧಕ್ಕೆ ಪೇಟೆಂಟ್ ಪಡೆಯಲಿಲ್ಲ. ಅರ್ಜಿ ಬಹುತೇಕ ಸಿದ್ಧವಾಗಿತ್ತು. ಆಗ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರ ಪ್ರತಿನಿಧಿಯನ್ನು ಮಾತಾಡಿಸಿದ್ದಾಗಿ, ಇದು ನಿಜಕ್ಕೂ ಉಪಯೋಗಕ್ಕೆ ಬಂದರೆ ನೂರು ವಕೀಲರನ್ನು ಕೂರಿಸಿ ದಿನಕ್ಕೆ ನೂರು ಪೇಟೆಂಟ್ ಬರೆಸುತ್ತೇವೆ, ನೀವು ಜೀವಮಾನವಿಡೀ ಕೋರ್ಟಿಗೆ ಅಲೆಯಬೇಕಾಗುತ್ತದೆ ಎಂಬ ಧಾಟಿಯ ಉತ್ತರ ಬಂದದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಅಂದರೆ ಗ್ರಾಫೀನ್ ಯಾರ ಗುತ್ತಿಗೆಯೂ ಅಲ್ಲ. ತಯಾರಿಸುವ ದಾರಿಗಳು ಹತ್ತಾರಿವೆ. ಒಬ್ಬರು ಗ್ರಾಫೈಟನ್ನು ದ್ರವದಲ್ಲಿ ಕಡೆದು ಪದರ ಬಿಡಿಸುತ್ತಾರೆ, ಇನ್ನೊಬ್ಬರು ಅನಿಲ ಕಾಯಿಸಿ ತಾಮ್ರದ ಮೇಲೆ ಬೆಳೆಸುತ್ತಾರೆ, ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2020ರಲ್ಲಿ ಕಸಕ್ಕೇ ವಿದ್ಯುತ್ ಹಾಯಿಸಿ ಗ್ರಾಫೀನ್ ಮಾಡಿ ತೋರಿಸಿದರು. ಯಾರು ಬೇಕಾದರೂ ಮಾಡಬಹುದಾದ ಸರಕಿನಲ್ಲಿ ಲಾಭ ಯಾರಿಗೆ ಉಳಿಯುತ್ತದೆ? ಈ ಪ್ರಶ್ನೆಯನ್ನು ಬೆಳಿಗ್ಗೆ ಏಳರ ವಾದಗಳಲ್ಲಿ ಕೇಳಿದವರು ಕಡಿಮೆ.

ಲಂಡನ್ನಿನಲ್ಲಿ ಸಣ್ಣ ಕಂಪನಿಗಳಿಗಾಗಿಯೇ ಏಮ್ ಎಂಬ ಪೇಟೆ ಇದೆ. 1995ರಲ್ಲಿ ಶುರುವಾದದ್ದು, ನಿಯಮಗಳು ಮುಖ್ಯ ಪೇಟೆಗಿಂತ ಸಡಿಲ. ಲಾಭ ಕಾಣದ ಕಂಪನಿಯೂ ಅಲ್ಲಿ ಷೇರು ಮಾರಬಹುದು. ಗ್ರಾಫೀನಿಗೆ ಅದು ಹೇಳಿ ಮಾಡಿಸಿದ ಜಾಗವಾಯಿತು. ಡರ್ಹಮ್ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಹೊರಬಂದ ಅಪ್ಲೈಡ್ ಗ್ರಾಫೀನ್ ಮೆಟೀರಿಯಲ್ಸ್ 2013ರ ನವೆಂಬರ್‌ನಲ್ಲಿ ಷೇರಿಗೆ 155 ಪೆನ್ಸ್‌ನಂತೆ, ಅಂದರೆ ಒಂದೂವರೆ ಪೌಂಡಿಗೂ ತುಸು ಹೆಚ್ಚಿಗೆ, ಮಾರಿ 1 ಕೋಟಿ 10 ಲಕ್ಷ ಪೌಂಡ್ ಎತ್ತಿತು. ಮರುವರ್ಷ ವೇಲ್ಸ್‌ನ ಹೇಡೇಲ್ ಗ್ರಾಫೀನ್ ಎರಡು ಪೌಂಡಿಗೂ ತುಸು ಹೆಚ್ಚಿನ ಬೆಲೆಗೆ ಬಂತು. 2013ರಲ್ಲೇ ಪೇಟೆಗೆ ಬಂದಿದ್ದ ವರ್ಸೇರಿಯನ್ ಮರುವರ್ಷ ಮ್ಯಾಂಚೆಸ್ಟರಿನ ಗ್ರಾಫೀನ್ ಕಂಪನಿಯೊಂದನ್ನು ಕೊಂಡು ಈ ಗುಂಪಿಗೆ ಸೇರಿತು.

ಸಣ್ಣ ಹೂಡಿಕೆದಾರರಿಗೆ ಅತಿ ಪ್ರಿಯವಾದದ್ದು ಈ ವರ್ಸೇರಿಯನ್. ಚೀನಾದ ಸಂಸ್ಥೆಗಳ ಜೊತೆ ಒಪ್ಪಂದ, ವಿಮಾನ ಕಂಪನಿಯ ಜೊತೆ ಪ್ರಯೋಗ, ಬಟ್ಟೆ ತಯಾರಕರ ಜೊತೆ ಮಾತುಕತೆ ಎಂದು ಪ್ರಕಟಣೆಗಳು ಒಂದರ ಹಿಂದೊಂದು ಬಂದವು. 2018ರ ಹೊತ್ತಿಗೆ ಷೇರು ಒಂದೂವರೆ ಪೌಂಡ್ ದಾಟಿತು. ಆ ವರ್ಷಗಳಲ್ಲಿ ಕಂಪನಿಯ ಆದಾಯದ ಬಹುಪಾಲು ಬರುತ್ತಿದ್ದುದು ಅದರ ಅಂಗಸಂಸ್ಥೆಗಳು ಮಾಡುತ್ತಿದ್ದ ಟಂಗ್‌ಸ್ಟನ್ ಕಾರ್ಬೈಡ್ ಬಿಡಿಭಾಗ ಮತ್ತು ಪ್ಲಾಸ್ಟಿಕ್ ಸಾಮಾನುಗಳಿಂದ. ಇದು ವಾರ್ಷಿಕ ವರದಿಯಲ್ಲಿ ಅಚ್ಚಾಗಿಯೇ ಇತ್ತು, ಯಾರೂ ಮುಚ್ಚಿಟ್ಟಿರಲಿಲ್ಲ. ಐದು ವರ್ಷ ಕಳೆಯುವಷ್ಟರಲ್ಲಿ ಷೇರು ಒಂದು ಪೆನ್ನಿಗೂ ಕೆಳಗೆ ಬಂತು. ಹೇಡೇಲ್‌ನ ಬೆಲೆಯೂ ಪೆನ್ನಿಯ ಆಚೀಚೆ ಕರಗಿತು. ಅಪ್ಲೈಡ್ ಗ್ರಾಫೀನ್ ಮೆಟೀರಿಯಲ್ಸ್‌ನ ವ್ಯವಹಾರವನ್ನು 2023ರಲ್ಲಿ ಯೂನಿವರ್ಸಲ್ ಮ್ಯಾಟರ್ ಎಂಬ ಕಂಪನಿ ಸುಮಾರು 13 ಲಕ್ಷ ಪೌಂಡಿಗೆ ಕೊಂಡುಕೊಂಡಿತು. ಕಸದಿಂದ ಗ್ರಾಫೀನ್ ಮಾಡುವ ರೈಸ್ ವಿಶ್ವವಿದ್ಯಾಲಯದ ವಿದ್ಯೆಯ ಮೇಲೆ ನಿಂತ ಕಂಪನಿಯೇ ಅದು.

ಇವೆಲ್ಲ ಮೋಸದ ಕಂಪನಿಗಳಾಗಿದ್ದವೇ ಎಂದು ಕೇಳುವವರಿದ್ದಾರೆ. ಅಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರು ಕಂಪನಿಯವರೊಬ್ಬರೇ ಅಲ್ಲ. ಸರ್ಕಾರಗಳು, ವಿಶ್ವವಿದ್ಯಾಲಯಗಳು, ಪತ್ರಿಕೆಗಳು ಎಲ್ಲರೂ ಹೊಲಿಗೆ ಹಾಕಿದ್ದರು. ಐರೋಪ್ಯ ಒಕ್ಕೂಟ 2013ರಲ್ಲಿ ಹತ್ತು ವರ್ಷಕ್ಕೆ 100 ಕೋಟಿ ಯೂರೋದ ಗ್ರಾಫೀನ್ ಯೋಜನೆ ಘೋಷಿಸಿತು. ಮ್ಯಾಂಚೆಸ್ಟರಿನಲ್ಲಿ 6 ಕೋಟಿ 10 ಲಕ್ಷ ಪೌಂಡ್ ವೆಚ್ಚದ ರಾಷ್ಟ್ರೀಯ ಗ್ರಾಫೀನ್ ಸಂಸ್ಥೆ 2015ರಲ್ಲಿ ಬಾಗಿಲು ತೆರೆಯಿತು. ಇಷ್ಟು ದೊಡ್ಡವರು ನಂಬಿದ್ದನ್ನು ಸಣ್ಣವರು ನಂಬಿದರೆ ದಡ್ಡತನ ಅನ್ನಲಾಗದು.

ತೊಂದರೆ ಇದ್ದದ್ದು ಪುಡಿಯ ಮೂಟೆಯೊಳಗೆ. 2018ರಲ್ಲಿ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ಜಗತ್ತಿನ 60 ಕಂಪನಿಗಳಿಂದ ಗ್ರಾಫೀನ್ ತರಿಸಿ ಪರೀಕ್ಷಿಸಿದರು. ಬಹುಪಾಲು ಮಾದರಿಗಳಲ್ಲಿ ನಿಜವಾದ ಗ್ರಾಫೀನ್ ಶೇ 10ಕ್ಕಿಂತ ಕಡಿಮೆ ಇತ್ತು. ಶೇ 50 ದಾಟಿದ್ದು ಒಂದೂ ಇರಲಿಲ್ಲ. ಉಳಿದದ್ದು ಸಣ್ಣಗೆ ಪುಡಿಮಾಡಿದ ಗ್ರಾಫೈಟ್. ಬಣ್ಣದ ಕಾರ್ಖಾನೆಯವರು ಒಂದು ಕಡೆಯಿಂದ ತಂದ ಪುಡಿ ಹಾಕಿದರೆ ತುಕ್ಕು ಕಡಿಮೆಯಾಗುತ್ತದೆ, ಇನ್ನೊಂದು ಕಡೆಯದ್ದು ಹಾಕಿದರೆ ಏನೂ ಆಗುವುದಿಲ್ಲ. ಇಂಥ ಅನುಭವವಾದ ಖರೀದಿದಾರ ಮತ್ತೆ ಹತ್ತಿರ ಬರುತ್ತಾನೆಯೇ? ಅಳೆಯುವ ವಿಧಾನಕ್ಕೆ ಅಂತರರಾಷ್ಟ್ರೀಯ ಮಾನದಂಡ ಬಂದದ್ದೇ 2021ರಲ್ಲಿ. ಅಷ್ಟರಲ್ಲಿ ಷೇರುಗಳು ಏರಿ ಇಳಿದು ಆಗಿತ್ತು.

ಇನ್ನು ಪ್ರಮಾಣದ ಲೆಕ್ಕ. ಗ್ರಾಫೀನ್ ಅಡುಗೆಯ ಇಂಗಿನ ಹಾಗೆ: ಚಿಟಿಕೆ ಹಾಕಿದರೆ ಸಾಕು, ಹೆಚ್ಚು ಹಾಕಿದರೆ ಕೆಡುತ್ತದೆ. ವಿಜ್ಞಾನಿಗೆ ಇದು ಹೆಗ್ಗಳಿಕೆ, ಇಂಗು ಮಾರುವವನಿಗೆ ತಲೆನೋವು. ಫೋರ್ಡ್ ಕಂಪನಿ 2018ರ ಕೊನೆಯಿಂದ ಎಫ್-150 ಮತ್ತು ಮಸ್ಟಾಂಗ್ ಗಾಡಿಗಳ ಎಂಜಿನ್ ಬಳಿಯ ಫೋಮ್ ಭಾಗಗಳಲ್ಲಿ ಗ್ರಾಫೀನ್ ಬೆರೆಸತೊಡಗಿತು. ಸದ್ದು ಶೇ 17ರಷ್ಟು ತಗ್ಗಿತು, ಶಾಖ ತಡೆಯುವ ಶಕ್ತಿ ಶೇ 30ರಷ್ಟು ಹೆಚ್ಚಿತು ಎಂದು ಕಂಪನಿಯೇ ಹೇಳಿತು. ಬೆರೆಸಿದ ಪ್ರಮಾಣ ಶೇ ಅರ್ಧಕ್ಕಿಂತ ಕಡಿಮೆ. ಒಂದು ಗಾಡಿಯಲ್ಲಿ ಎರಡು ಕೆ.ಜಿ. ಫೋಮ್ ಇದೆ ಅಂದುಕೊಳ್ಳಿ. ಗ್ರಾಫೀನ್ ಬೇಕಾದ್ದು ಹೆಚ್ಚೆಂದರೆ ಹತ್ತು ಗ್ರಾಂ. ಹತ್ತು ಲಕ್ಷ ಗಾಡಿಗೆ ಹತ್ತು ಟನ್. ಹತ್ತು ಲಕ್ಷ ಗಾಡಿ ಎಂದ ಕೂಡಲೇ ಷೇರುದಾರನ ಕಣ್ಣರಳುತ್ತದೆ, ಹತ್ತು ಟನ್ ಎಂದಾಗ ಕಾರ್ಖಾನೆಯವನ ಮುಖ ಬಾಡುತ್ತದೆ.

ಫೋರ್ಡಿಗೆ ಗ್ರಾಫೀನ್ ಕೊಟ್ಟದ್ದು ಮಿಷಿಗನ್ನಿನ ಎಕ್ಸ್‌ಜಿ ಸೈನ್ಸಸ್. ಜಗತ್ತಿನ ದೊಡ್ಡ ಕಾರು ಕಂಪನಿಯೊಂದು ಗಿರಾಕಿ, ರಸ್ತೆಯ ಮೇಲೆ ಓಡುತ್ತಿರುವ ಗಾಡಿಗಳಲ್ಲಿ ಸರಕು: ಗ್ರಾಫೀನ್ ಪರ ವಾದಿಸುವವರು ಕನಸು ಕಂಡದ್ದೆಲ್ಲ ಅದಕ್ಕೆ ದಕ್ಕಿತ್ತು. ಆದರೂ ಸಾಲ ತೀರಿಸಲಾಗದೆ ಅದು ಕೈಚೆಲ್ಲಿತು. 2022ರಲ್ಲಿ ಅದರ ಆಸ್ತಿಯನ್ನು ಕೆನಡಾದ ನ್ಯಾನೋಎಕ್ಸ್‌ಪ್ಲೋರ್ 30 ಲಕ್ಷ ಡಾಲರಿಗೆ ಕೊಂಡಿತು. ಆ ನ್ಯಾನೋಎಕ್ಸ್‌ಪ್ಲೋರ್ ಉಳಿದುಕೊಂಡಿರುವ ಬಗೆಯೂ ಗಮನಿಸುವಂಥದ್ದೇ. ಮಾಂಟ್ರಿಯಲ್‌ನಲ್ಲಿ ವರ್ಷಕ್ಕೆ 4,000 ಟನ್ ಗ್ರಾಫೀನ್ ಮಾಡಬಲ್ಲ ಕಾರ್ಖಾನೆ ಅದಕ್ಕಿದೆ. ಆದರೆ ಆದಾಯದ ಹೆಚ್ಚಿನ ಪಾಲು ಲಾರಿ, ಬಸ್ಸುಗಳಿಗೆ ಬೇಕಾದ ಪ್ಲಾಸ್ಟಿಕ್ ಬಿಡಿಭಾಗಗಳಿಂದ. ತನ್ನ ಪುಡಿಯನ್ನು ತಾನೇ ಬಳಸುವ ಸಾಮಾನನ್ನೂ ಮಾಡುತ್ತಿದೆ. ಪುಡಿ ಮಾತ್ರ ಮಾರಿ ಬದುಕುತ್ತೇನೆಂದು ಅದು ಹೊರಡಲಿಲ್ಲ.

ಹಾಗಾದರೆ ಸಿಮೆಂಟ್? ಈಗಿನ ಆಶಾವಾದಿಗಳ ಕಣ್ಣು ಅದರ ಮೇಲೆ. 2021ರಲ್ಲಿ ಇಂಗ್ಲೆಂಡಿನ ಏಮ್ಸ್‌ಬರಿಯಲ್ಲಿ ವ್ಯಾಯಾಮಶಾಲೆಯೊಂದರ ನೆಲಕ್ಕೆ ಗ್ರಾಫೀನ್ ಕಾಂಕ್ರೀಟ್ ಹಾಕಿದರು. ಆಸ್ಟ್ರೇಲಿಯಾದ ಫಸ್ಟ್ ಗ್ರಾಫೀನ್ ಬ್ರಿಟನ್ನಿನ ಸಿಮೆಂಟ್ ತಯಾರಕರೊಂದಿಗೆ ಪ್ರಯೋಗ ನಡೆಸುತ್ತಿದೆ. ಜಗತ್ತು ವರ್ಷಕ್ಕೆ 400 ಕೋಟಿ ಟನ್ ಸಿಮೆಂಟ್ ಬಳಸುತ್ತದೆ. ಹತ್ತು ಸಾವಿರಕ್ಕೆ ಒಂದು ಪಾಲು ಬೆರೆಸಿದರೂ 4 ಲಕ್ಷ ಟನ್ ಗ್ರಾಫೀನ್ ಬೇಕು. ಲೆಕ್ಕ ತಪ್ಪಿಲ್ಲ. ಆದರೆ ಸಿಮೆಂಟಿನಷ್ಟು ಅಗ್ಗದ, ಚೌಕಾಸಿಯ ಸರಕು ಇನ್ನೊಂದಿಲ್ಲ. ಮೂಟೆಗೆ ಇಪ್ಪತ್ತು ರೂಪಾಯಿ ಹೆಚ್ಚು ಹೇಳಿದರೆ ಮನೆ ಕಟ್ಟಿಸುವವರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಐವತ್ತು ವರ್ಷ ನಿಲ್ಲಬೇಕಾದ ಸೇತುವೆಗೆ ಹೊಸ ಪುಡಿ ಬೆರೆಸಲು ಯಾವ ಎಂಜಿನಿಯರ್ ತಾನೇ ಅವಸರದಲ್ಲಿ ಸಹಿ ಹಾಕುತ್ತಾನೆ? ಹಾಕಬಾರದು ಕೂಡ.

ನಂಬಿದವರ ಕೈಯಲ್ಲಿರುವ ಬಲವಾದ ವಾದ ಕಾರ್ಬನ್ ಫೈಬರ್‌ನದು. ಅದೂ ಇಂಗಾಲವೇ, ಅದಕ್ಕೂ ದಶಕಗಳು ಹಿಡಿದವು, ಕೊನೆಗೆ ವಿಮಾನವೇ ಅದರಿಂದಾಯಿತು. ಗ್ರಾಫೀನಿಗೂ ಅಷ್ಟು ಕಾಲ ಕೊಡಿ ಎನ್ನುತ್ತಾರೆ. ಈ ವಾದವನ್ನು ತಳ್ಳಿಹಾಕದೆ ಕೊನೆಯವರೆಗೂ ಹಿಂಬಾಲಿಸಿ ನೋಡುವುದು ಒಳ್ಳೆಯದು.

1958ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಪ್ರಯೋಗಾಲಯದಲ್ಲಿ ರೋಜರ್ ಬೇಕನ್ ಗಟ್ಟಿ ಇಂಗಾಲದ ಎಳೆಗಳನ್ನು ಮಾಡಿ ತೋರಿಸಿದರು. ಅರವತ್ತರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದ ಸರ್ಕಾರಿ ಪ್ರಯೋಗಾಲಯ ಇನ್ನೂ ಬಲವಾದ ಎಳೆ ತೆಗೆಯುವ ವಿಧಾನ ಕಂಡುಹಿಡಿಯಿತು. ಇನ್ನೇನು, ಬ್ರಿಟನ್ನಿನ ಕಾಲ ಬಂತು ಎಂದು ರೋಲ್ಸ್-ರಾಯ್ಸ್ ತನ್ನ ಹೊಸ ಆರ್‌ಬಿ211 ವಿಮಾನ ಎಂಜಿನ್ನಿನ ಬೀಸಣಿಗೆಯ ಅಲಗುಗಳನ್ನು ಅದರಿಂದಲೇ ಮಾಡಲು ಹೊರಟಿತು. ಹಾರುವ ಎಂಜಿನ್ನಿಗೆ ಹಕ್ಕಿ ಬಡಿದರೆ ಏನಾಗುತ್ತದೆಂದು ನೋಡಲು ತಿರುಗುವ ಎಂಜಿನ್ನಿನೊಳಕ್ಕೆ ಸತ್ತ ಕೋಳಿ ಎಸೆಯುವ ಪರೀಕ್ಷೆಯೊಂದಿದೆ. 1970ರಲ್ಲಿ ಆ ಕೋಳಿಯ ಹೊಡೆತಕ್ಕೆ ಅಲಗುಗಳು ಚೂರಾದವು. ಮತ್ತೆ ಟೈಟೇನಿಯಂಗೆ ಮರಳಬೇಕಾಯಿತು. ಆ ಎಂಜಿನ್ನಿನ ಖರ್ಚು ಅದಾಗಲೇ ಕೈಮೀರಿತ್ತು. 1971ರ ಫೆಬ್ರುವರಿಯಲ್ಲಿ ರೋಲ್ಸ್-ರಾಯ್ಸ್ ದಿವಾಳಿಯೆದ್ದು ಸರ್ಕಾರದ ವಶಕ್ಕೆ ಹೋಯಿತು.

ಅದೇ 1971ರಲ್ಲಿ ಜಪಾನಿನ ಟೋರೆ ಕಂಪನಿ ಕಾರ್ಬನ್ ಫೈಬರನ್ನು ವಾಣಿಜ್ಯ ಮಟ್ಟದಲ್ಲಿ ತಯಾರಿಸತೊಡಗಿತು. 1926ರಲ್ಲಿ ಹುಟ್ಟಿ ಮೊದಲು ರೇಯಾನ್, ಆಮೇಲೆ ನೈಲಾನ್, ಪಾಲಿಯೆಸ್ಟರ್ ಮಾಡುತ್ತಿದ್ದ ಕಂಪನಿ ಅದು. ವಿಮಾನದ ಕನಸು ಕಾಣುತ್ತಲೇ ಮೀನು ಹಿಡಿಯುವ ಗಾಳದ ಕೋಲು, ಗಾಲ್ಫ್ ಕೋಲುಗಳಿಗೆ ಎಳೆ ಮಾರಿತು. ಅರ್ಧ ತೂಕ ಇಂಥ ಎಳೆಗಳ ಮಿಶ್ರವಸ್ತುವೇ ಇರುವ ಬೋಯಿಂಗ್ 787 ಪ್ರಯಾಣಿಕರನ್ನು ಹೊತ್ತು ಹಾರಿದ್ದು 2011ರಲ್ಲಿ, ನಲವತ್ತು ವರ್ಷದ ಮೇಲೆ. ಅಷ್ಟು ವರ್ಷವೂ ಟೋರೆಯ ಕೂಳಿನ ದೊಡ್ಡ ಪಾಲು ಹುಟ್ಟಿದ್ದು ಬಟ್ಟೆಯಿಂದ. ಕಾಯುವುದಕ್ಕೆ ಅದಕ್ಕೆ ಯಾರ ಬಳಿಯೂ ಕೈಯೊಡ್ಡಬೇಕಿರಲಿಲ್ಲ. ಕಾರ್ಬನ್ ಫೈಬರ್ ಗೆದ್ದಿತು, ಸರಿ. ಅದನ್ನು ಮೊದಲು ನಂಬಿ ದುಡ್ಡು ಹಾಕಿದವರೆಲ್ಲ ಗೆಲ್ಲಲಿಲ್ಲ. ಗ್ರಾಫೀನ್ ಕೂಡ ಈಗ ಗಾಲ್ಫ್ ಚೆಂಡು, ಟೆನಿಸ್ ರ‍್ಯಾಕೆಟ್, ಓಟದ ಬೂಟುಗಳ ಘಟ್ಟದಲ್ಲಿದೆ. ಇಲ್ಲಿಂದ ಮುಂದೆ ಮೂವತ್ತು ವರ್ಷ ಕಾಯಬಲ್ಲ ಕಂಪನಿ ಏಮ್ ಪೇಟೆಯಲ್ಲಿ ಯಾವುದಿದೆ?

ಕಾಯುವಿಕೆಯ ಖರ್ಚು ಹೊರುವವರು ಯಾರೆಂಬುದೇ ಇಡೀ ವಾದದ ತಿರುಳು. ಬೇರೆ ಆದಾಯವಿಲ್ಲದ ಸಣ್ಣ ಕಂಪನಿ ಸಂಬಳ ಕೊಡಲು, ಬಾಡಿಗೆ ಕಟ್ಟಲು ಹೊಸ ಷೇರುಗಳನ್ನು ಮುದ್ರಿಸಿ ಮಾರುತ್ತದೆ. ಅದನ್ನೂ ದೊಡ್ಡ ಹೂಡಿಕೆದಾರರಿಗೆ ಪೇಟೆಯ ಬೆಲೆಗಿಂತ ಕಡಿಮೆಗೆ. ಸಣ್ಣವನಿಗೆ ಸುದ್ದಿ ಸಿಗುವುದು ಎಲ್ಲ ಮುಗಿದ ಮೇಲೆ, ಬೆಳಿಗ್ಗೆ ಏಳಕ್ಕೆ. ನಿಮ್ಮ ಬಳಿ ಕಂಪನಿಯ ಶೇ 1ರಷ್ಟು ಪಾಲಿದೆ ಎಂದುಕೊಳ್ಳಿ. ಕಂಪನಿ ಪ್ರತಿ ವರ್ಷ ಶೇ 20ರಷ್ಟು ಹೊಸ ಷೇರು ಬಿಡುಗಡೆ ಮಾಡಿದರೆ ಎಂಟು ವರ್ಷದಲ್ಲಿ ಒಟ್ಟು ಷೇರುಗಳು ನಾಲ್ಕು ಪಟ್ಟು ಮೀರುತ್ತವೆ. ನಿಮ್ಮ ಪಾಲು ಕಾಲು ಭಾಗಕ್ಕೂ ಕಡಿಮೆ. ಎಂಟನೇ ವರ್ಷ ಆ ದೊಡ್ಡ ಆರ್ಡರ್ ಬಂದೇಬಿಟ್ಟರೂ ಹಬ್ಬದೂಟ ನಾಲ್ಕು ಪಟ್ಟು ಎಲೆಗಳಿಗೆ ಹಂಚಿಹೋಗುತ್ತದೆ. ಬೆಲೆ ಬಿದ್ದಾಗಲೆಲ್ಲ ಇನ್ನಷ್ಟು ಕೊಂಡು ಆವರೇಜ್ ಮಾಡುವ ಚಟ ಲಂಡನ್ನಿನಲ್ಲೂ ಇದೆ, ನಮ್ಮಲ್ಲೂ ಇದೆ. ಹೊಸ ಷೇರು ಹುಟ್ಟುತ್ತಲೇ ಇರುವ ಕಂಪನಿಯಲ್ಲಿ ಅದರಷ್ಟು ದುಬಾರಿ ಚಟ ಇನ್ನೊಂದಿಲ್ಲ.

ಪ್ರಕಟಣೆಗಳ ಭಾಷೆಯ ಬಗ್ಗೆ ಎರಡು ಮಾತು ಸಾಕು. ತಿಳಿವಳಿಕೆ ಪತ್ರಕ್ಕೆ ಸಹಿ ಬಿತ್ತು ಎಂದರೆ ದುಡ್ಡು ಬಂತು ಎಂದಲ್ಲ. ಮಾದರಿ ಕಳಿಸಿದ್ದೇವೆ ಎಂದರೆ ಆ ಕಂಪನಿ ಇನ್ನೂ ಹತ್ತು ಕಡೆಯಿಂದ ಮಾದರಿ ತರಿಸಿಕೊಂಡಿರುತ್ತದೆ.

ಈ ಕಥೆ ನಮಗೆ ದೂರದ್ದೇನಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬ ವ್ಯಕ್ತಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಿ ಷೇರು ಕೊಳ್ಳಬಹುದು, ಮೊಬೈಲ್‌ನಲ್ಲೇ ಆಗುತ್ತದೆ. ಗ್ರಾಫೀನ್ ವಿಜ್ಞಾನದಲ್ಲಂತೂ ಬೆಂಗಳೂರು ಹಿಂದೆ ಬಿದ್ದಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರಿಂದಮ್ ಘೋಷ್ ಅವರ ತಂಡ ಮಾಡಿದ ಕೆಲಸವನ್ನು ಜಗತ್ತು ಗಮನಿಸಿದೆ. ಶಿವಮೊಗ್ಗದ ಕಂಪನಿಯೊಂದು ದೇಶದ ಪ್ರಯೋಗಾಲಯಗಳಿಗೆ ಗ್ರಾಫೀನ್, ಕಾರ್ಬನ್ ನ್ಯಾನೋಟ್ಯೂಬ್ ಪೂರೈಸುತ್ತದೆ. ಟಾಟಾ ಸ್ಟೀಲ್ ತನ್ನ ಹೊಸ ವಸ್ತುಗಳ ವಿಭಾಗದಲ್ಲಿ ಗ್ರಾಫೀನ್ ಮಾಡುತ್ತಿದೆ. ಟೋರೆಯ ಕೂಳು ಬಟ್ಟೆಯಿಂದ ಹುಟ್ಟಿದ ಹಾಗೆ ಅದರದು ಉಕ್ಕಿನಿಂದ ಹುಟ್ಟುತ್ತದೆ, ಕಾಯಬಲ್ಲದು. 2015ರಲ್ಲಿ ರೂರ್ಕಿ ಐಐಟಿಯ ಹುಡುಗರು ಗ್ರಾಫೀನ್ ನೆಚ್ಚಿಕೊಂಡು ಶುರುಮಾಡಿ ಬೆಂಗಳೂರಿನಲ್ಲಿ ನೆಲೆಯೂರಿದ ಲಾಗ್9 ಮಾತ್ರ ಕೆಲವೇ ವರ್ಷಗಳಲ್ಲಿ ವಾಹನಗಳ ಬ್ಯಾಟರಿ ಕಡೆಗೆ ಹೊರಳಿಕೊಂಡಿತು.

ವೈಟ್‌ಫೀಲ್ಡ್ ಕಡೆ ಹೋಗುವವರಿಗೆಲ್ಲ ಗ್ರಾಫೈಟ್ ಇಂಡಿಯಾ ಸಿಗ್ನಲ್ ಗೊತ್ತು. ಕಾರ್ಖಾನೆ ಮಾಲಿನ್ಯದ ವ್ಯಾಜ್ಯದ ಬಳಿಕ ಮುಚ್ಚಿತು, ಹೆಸರು ಸಿಗ್ನಲ್ಲಿಗೆ ಉಳಿಯಿತು. ಆ ಕಂಪನಿಯೂ ಎಚ್‌ಇಜಿ ಎಂಬ ಇನ್ನೊಂದು ಕಂಪನಿಯೂ ಮಾಡುವುದು ಉಕ್ಕಿನ ಕುಲುಮೆಗೆ ಬೇಕಾದ ಗ್ರಾಫೈಟ್ ಎಲೆಕ್ಟ್ರೋಡ್. 2017ರಲ್ಲಿ ಚೀನಾ ಹೊಗೆಯುಗುಳುವ ಕುಲುಮೆಗಳನ್ನು ಮುಚ್ಚಿಸಿದಾಗ ಎಲೆಕ್ಟ್ರೋಡಿಗೆ ಬರ ಬಂದು, ಇನ್ನೂರರ ಆಸುಪಾಸಿನಲ್ಲಿದ್ದ ಎಚ್‌ಇಜಿ ಷೇರು 2018ರ ಅಕ್ಟೋಬರ್ ಹೊತ್ತಿಗೆ ಐದು ಸಾವಿರ ರೂಪಾಯಿಯ ಹತ್ತಿರ ಹೋಯಿತು. ಗ್ರಾಫೀನಿಗೂ ಆ ಏರಿಕೆಗೂ ಸಂಬಂಧವೇ ಇರಲಿಲ್ಲ. ಲಾಭ ನಿಜವಾಗಿ ಬಂದಿತ್ತು. ಬರ ತೀರಿದ ಮೇಲೆ, 2020ರ ಮಾರ್ಚ್‌ನಲ್ಲಿ, ಬೆಲೆ ಸಾವಿರದ ಕೆಳಗಿತ್ತು. ನಿಜವಾದ ಲಾಭವಿದ್ದ ಷೇರಿನ ಗತಿಯೇ ಇದಾದರೆ, ಬರೀ ನಿರೀಕ್ಷೆಯ ಮೇಲೆ ನಿಂತ ಷೇರಿನದನ್ನು ಬೇರೆ ಹೇಳಬೇಕಿಲ್ಲ.

ಗ್ರಾಫೀನ್ ಷೇರು ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಇಂಥದ್ದೊಂದನ್ನು ಯಾರಾದರೂ ನಿಮ್ಮೆದುರು ಹಿಡಿದರೆ ಉಕ್ಕಿಗಿಂತ ಎಷ್ಟು ಪಟ್ಟು ಗಟ್ಟಿ ಎಂದು ಕೇಳಬೇಡಿ. ಐದು ವರ್ಷದ ಹಿಂದಿನ ವಾರ್ಷಿಕ ವರದಿ, ಈ ವರ್ಷದ ವರದಿ ಎರಡನ್ನೂ ಪಕ್ಕಪಕ್ಕ ಇಟ್ಟು ಒಟ್ಟು ಷೇರುಗಳ ಸಂಖ್ಯೆ ಎಷ್ಟಿತ್ತು, ಎಷ್ಟಾಯಿತು ನೋಡಿ. ಆಮೇಲೆ, ಒಮ್ಮೆ ಕೊಂಡು ಮರುವರ್ಷ ಅದಕ್ಕಿಂತ ಹೆಚ್ಚು ಕೊಂಡ ಒಬ್ಬ ಗಿರಾಕಿಯ ಹೆಸರನ್ನಾದರೂ ಹುಡುಕಿ. ಸಿಗದಿದ್ದರೆ ಮಗಳ ಮದುವೆಗೆಂದು ಎತ್ತಿಟ್ಟ ದುಡ್ಡು ಅಂಚೆ ಕಚೇರಿಯಲ್ಲೇ ಇರಲಿ.